ಹರಿಪುರೀಯ ಎವರೇಜ್ ಮೀಮಾಂಸೆ

ನಾಲ್ಕು ಪ್ರಶ್ನೆಗಳಿಗೆ ಉತ್ತರ ಹೇಳದೆ ಯಾವ ಶಾಸ್ತ್ರಗ್ರಂಥವೂ ಬಾಯಿ ತೆರೆಯಬಾರದೆಂದು ಹಿರಿಯರ ಕಟ್ಟಳೆ: ವಿಷಯ ಯಾವುದು, ಸಂಬಂಧ ಎಂಥದು, ಪ್ರಯೋಜನ ಏನು, ಓದಲು ಅಧಿಕಾರಿ ಯಾರು. ಪ್ರಸ್ತುತ ಗ್ರಂಥದ ವಿಷಯ, ಹೈಬ್ರಿಡ್ ಕಾರು ಕೊಳ್ಳುವವನು ಸಾದಾ ಮಾಡೆಲ್ ಹಿಡಿಯಬೇಕೋ, ಹನಿ ಹನಿ ಎಣ್ಣೆ ಉಳಿಸುವ ಮಾಡೆಲ್ ಹಿಡಿಯಬೇಕೋ ಎಂಬುದು. ಸಂಬಂಧ, ಸೋದರಮಾವನದು. ಅವರು ಸಾಂಗಲಿಯ ಮಗ್ಗುಲಿನ ಹರಿಪುರದವರು. ಮನೆಮಾತು ಕನ್ನಡ, ಪೇಟೆಮಾತು ಮರಾಠಿ, ಸಿಟ್ಟಿಗೆ ಎರಡೂ. ಸಾಂಗಲಿಯ ಮಾರ್ಕೆಟ್ ಯಾರ್ಡಿನಲ್ಲಿ ಅರಿಶಿನದ ಅಡತಿ ಅಂಗಡಿ. ಪ್ರಯೋಜನ: ಹದಿನಾಲ್ಕು ತಿಂಗಳಿಂದ ಅವರು ಕಾರನ್ನೂ ಕೊಂಡಿಲ್ಲ, ನನಗೆ ಮಾಡಿದ ಫೋನನ್ನೂ ಇಟ್ಟಿಲ್ಲ. ಅಧಿಕಾರಿ: ಪೆಟ್ರೋಲ್ ಬಂಕಿನಲ್ಲಿ ಮೀಟರು ಸೊನ್ನೆಗೆ ಬಂತೇ ಎಂದು ಗಾಡಿಯಿಂದ ಇಳಿದು, ಕತ್ತು ಚಾಚಿ ನೋಡುವ ಪ್ರತಿಯೊಬ್ಬ ಮುಮುಕ್ಷು.

ಮೊದಲು ಶಬ್ದವಿಚಾರ. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬುದನ್ನು ಬೆಂಗಳೂರಿನ ಕಡೆಯವರು 'ಮೈಲೇಜ್' ಅನ್ನುತ್ತಾರೆ. ದಾರಿಬದಿಯ ಮೈಲುಗಲ್ಲೆಲ್ಲ ಕಿಲೋಮೀಟರ್ ಕಲ್ಲಾಗಿ ದಶಕಗಳು ಕಳೆದರೂ ಮೈಲು ಅಲ್ಲಿ ಮಾತಿನೊಳಗೆ ಬದುಕಿಕೊಂಡಿದೆ. ಕೃಷ್ಣೆಯ ದಂಡೆಯ ನಾವು 'ಎವರೇಜ್' ಅನ್ನುತ್ತೇವೆ. ಎವರೇಜ್ ಎಂದರೆ ಸರಾಸರಿ, ಮೇಲೂ ಅಲ್ಲದ ಕೆಳಗೂ ಅಲ್ಲದ ನಡುವಿನದು. ಹೀಗಿದ್ದೂ "ನಮ್ಮ ಗಾಡೀದು ಎವರೇಜ್ ಭಾರಿ ಐತ್ರಿ" ಎಂದು ಹೇಳದ ಗಂಡಸು ಮೀರಜ್ ಜಂಕ್ಷನ್ನಿನಿಂದ ಜತ್ ತಾಲೂಕಿನವರೆಗೆ ಹುಡುಕಿದರೂ ಸಿಗುವುದಿಲ್ಲ. ಸಾಧಾರಣವೇ ಅಸಾಧಾರಣವಾಗಿದೆ ಎಂಬ ಈ ಪ್ರಯೋಗವನ್ನು ಅಲಂಕಾರಶಾಸ್ತ್ರದಲ್ಲಿ ವಿರೋಧಾಭಾಸಕ್ಕೆ ಉದಾಹರಣೆಯಾಗಿ ಇನ್ನೂ ಸೇರಿಸದಿರುವುದು ವಿದ್ವತ್ ಲೋಕದ ಅಲಕ್ಷ್ಯ.

ಇನ್ನು ಕ್ಷೇತ್ರಮಹಿಮೆ. ಎಂಜಿನ್ನನ್ನೂ ಕರೆಂಟಿನ ಮೋಟರನ್ನೂ ಒಂದೇ ಗಾಡಿಗೆ ಹೂಡುವ ಹೈಬ್ರಿಡ್ ಕಾರಿನ ತತ್ತ್ವ ಹರಿಪುರದವರಿಗೆ ಹೊಸದಲ್ಲ. ಇಲ್ಲಿ ವಾರಣೆ ಬಂದು ಕೃಷ್ಣೆಯನ್ನು ಸೇರುತ್ತದೆ; ಸಂಗಮದ ದಂಡೆಗೆ ಸಂಗಮೇಶ್ವರನ ಗುಡಿ. ಊರ ಹೆಸರಿನಲ್ಲಿ ಹರಿ, ಗರ್ಭಗುಡಿಯಲ್ಲಿ ಹರ. ಇದೇ ಕೃಷ್ಣೆ ಕೆಳಗಿಳಿದು ಮಲಪ್ರಭೆಯನ್ನು ಕೂಡಿಕೊಳ್ಳುವಲ್ಲಿ ಕೂಡಲಸಂಗಮವಿದೆ ಎಂಬುದನ್ನು ಕನ್ನಡ ಓದುಗರಿಗೆ ಹೇಳಬೇಕಾಗಿಲ್ಲ. ಹರಿ ಹರರಿಬ್ಬರನ್ನೂ ಒಂದೇ ಮೈಯಲ್ಲಿ ಕೂಡಿಸುವ ಕೆಲಸ ತುಂಗಭದ್ರೆಯ ಹರಿಹರದಲ್ಲಿ 1224ರ ಹೊತ್ತಿಗೇ ಮುಗಿದಿತ್ತು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು. ಬಲಕ್ಕೊಂದು ಶಕ್ತಿ, ಎಡಕ್ಕೊಂದು ಶಕ್ತಿ, ಒಡಲು ಒಂದೇ. ಜಪಾನಿನವರು ಪ್ರಿಯಸ್ ಎಂಬ ಹೈಬ್ರಿಡ್ ಕಾರನ್ನು ಬೀದಿಗಿಳಿಸಿದ್ದು 1997ರ ಡಿಸೆಂಬರಿನಲ್ಲಿ. ನಡುವಿನ 773 ವರ್ಷ ಅವರು ಏನು ಮಾಡುತ್ತಿದ್ದರೆಂಬುದು ಬೇರೆ ಸಂಶೋಧನೆಯ ವಿಷಯ.

ಈಗ ವಂಶಾವಳಿ. ಇದನ್ನು ಸಾವಧಾನವಾಗಿ ಓದಬೇಕು, ಏಕೆಂದರೆ ಮಾಮಾ ಇದನ್ನು ಶೋರೂಮಿನಲ್ಲಿ ಡಿಸ್ಕೌಂಟು ಕೇಳಲು ಬಳಸಿದ್ದಾರೆ.

ನಮ್ಮ ಪರಾಮರ್ಶೆಯಲ್ಲಿರುವ ಎರಡು ಕಾರುಗಳು, ಹೈರೈಡರ್ ಮತ್ತು ಗ್ರ್ಯಾಂಡ್ ವಿಟಾರಾ, 2022ರಲ್ಲಿ ಬಂದವು. ಹೆಸರು ಎರಡು, ಹೊರಗಿನ ಮುಖ ಎರಡು, ಹುಟ್ಟಿದ್ದು ಒಂದೇ ತೊಟ್ಟಿಲಲ್ಲಿ: ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆ. ಆ ಹೆಸರಿನ ಉತ್ತರಾರ್ಧವನ್ನು ಹಿಡಿದು ಹಿಂದಕ್ಕೆ ಹೋದರೆ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರು ಸಿಗುತ್ತದೆ. 1869ರಲ್ಲಿ ಅಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟರು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಆ ವಾಡಿ ಈಗ ನಮ್ಮ ಸಾಂಗಲಿ ಜಿಲ್ಲೆಯಲ್ಲೇ ಇದೆ. ಅವರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಮಣ್ಣಿಗೆ ವಿಷ ಏರುತ್ತದೆಂದು ರೈತರು ಹೆದರಿ, ಮೊದಲ ನೇಗಿಲು ಮಾರಲು ಎರಡು ವರ್ಷ ಹಿಡಿಯಿತೆಂಬ ಕಥೆ ಈ ಸೀಮೆಯಲ್ಲಿ ಎಲ್ಲರ ಬಾಯಲ್ಲಿದೆ. ಮಾಮಾನ ಹದಿನಾಲ್ಕು ತಿಂಗಳು ಆ ಲೆಕ್ಕದಲ್ಲಿ ಇನ್ನೂ ಅವಸರವೇ.

ಅದೇ ಗುರ್ಲಹೊಸೂರಿನಲ್ಲಿ 1843ರಲ್ಲಿ ಇನ್ನೊಬ್ಬ ಕಿರ್ಲೋಸ್ಕರ್ ಹುಟ್ಟಿದ್ದರು, ಮರಾಠಿ ಸಂಗೀತ ನಾಟಕದ ಅಣ್ಣಾಸಾಹೇಬರು. ಅವರು ಬೆಳಗಾವಿಯ ಶಾಲೆಯಲ್ಲಿ ಮಾಸ್ತರರಾಗಿದ್ದಾಗ ಅಲ್ಲಿ ಓದುತ್ತಿದ್ದ ಹುಡುಗ ಗೋವಿಂದ ಬಲ್ಲಾಳ ದೇವಲ್. ಊರು ಹರಿಪುರ, ಹುಟ್ಟು 1855. ಹೀಗೆ ಹರಿಪುರದಿಂದ ಬೆಳಗಾವಿಗೆ, ಬೆಳಗಾವಿಯಿಂದ ಗುರ್ಲಹೊಸೂರಿಗೆ, ಗುರ್ಲಹೊಸೂರಿನಿಂದ ಬಿಡದಿಗೆ ಸರಪಳಿ ಅಖಂಡವಾಗಿ ಹರಿದು ಬಂದಿದೆ. "ಅಂದಮ್ಯಾಲೆ ಈ ಗಾಡಿ ನಮ್ಮೂರಿಂದೇ ಆತು. ಮನಿ ಮಂದಿಗೆ ಏನು ಬಿಡ್ತೀರಿ?" ಎಂದು ಮಾಮಾ ಕೇಳಿದಾಗ ಸೇಲ್ಸ್ ಹುಡುಗ ಫ್ಲೋರ್ ಮ್ಯಾಟ್ ಕೊಡುತ್ತೇನೆಂದ.

ಕಾರಿನ ಆಯ್ಕೆಯೂ ಒಂದು ವರಪರೀಕ್ಷೆಯೇ; ಆ ವಿಷಯದಲ್ಲೂ ಸಾಂಗಲಿಗೆ ಪರಂಪರೆ ಇದೆ. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ಇಲ್ಲಿಗೆ ಬಂದು ಆಡಿದ್ದನ್ನು ನೋಡಿ, ಅರಸ ಚಿಂತಾಮಣರಾವ್ ಪಟವರ್ಧನರ ಆಶ್ರಯದಲ್ಲಿ ವಿಷ್ಣುದಾಸ ಭಾವೆ 1843ರಲ್ಲಿ ಮರಾಠಿಯ ಮೊದಲ ನಾಟಕ ಆಡಿಸಿದರು. ಅದು 'ಸೀತಾ ಸ್ವಯಂವರ'. ಅಣ್ಣಾಸಾಹೇಬರು 1882ರಲ್ಲಿ ರಂಗಕ್ಕೆ ತಂದ 'ಸೌಭದ್ರ'ದ ಗಂಟೂ ಇದೇ: ಸುಭದ್ರೆಗೆ ಬಲರಾಮ ನೋಡಿಟ್ಟ ದುರ್ಯೋಧನನೋ, ಕೃಷ್ಣ ಮನಸ್ಸಿನಲ್ಲಿಟ್ಟ ಅರ್ಜುನನೋ. ಹೈಬ್ರಿಡ್ ಕಾರುಗಳ ಮಿತವ್ಯಯಿ ಎಂಜಿನ್ನಿಗೆ ಹೆಸರು ಕೊಟ್ಟ ಬ್ರಿಟಿಷ್ ಎಂಜಿನಿಯರ್ ಜೇಮ್ಸ್ ಅಟ್ಕಿನ್ಸನ್ ತನ್ನ ಹೆಸರಿನ ಮೊದಲ ಎಂಜಿನ್ ಮಾಡಿದ್ದೂ 1882ರಲ್ಲೇ. ಇದು ಕಾಕತಾಳೀಯ ಎನ್ನುವವರಿಗೆ ಉತ್ತರಿಸುವುದು ನಮ್ಮ ಘನತೆಗೆ ತಕ್ಕದ್ದಲ್ಲ.

ದರ್ಶನಭೇದಕ್ಕೆ ಬರೋಣ. ಈ ಕಾರುಗಳ ಸಾದಾ ಮಾಡೆಲ್ಲನ್ನು ಮೈಲ್ಡ್ ಹೈಬ್ರಿಡ್ ಎನ್ನುತ್ತಾರೆ. ಅದರಲ್ಲಿ ಬೆಲ್ಟಿಗೆ ಕಟ್ಟಿದ ಪುಟ್ಟ ಮೋಟರೊಂದಿದ್ದು ಎಂಜಿನ್ನಿಗೆ ಆಗಾಗ ಕೈಜೋಡಿಸುತ್ತದೆ. ತಾನಾಗಿ ಗಾಡಿಯನ್ನು ಒಂದು ಗೇಣೂ ಎಳೆಯಲಾರದು. ಎಂಜಿನ್ನು ಸ್ವತಂತ್ರ, ಮೋಟರು ಪರತಂತ್ರ. ಆದ್ದರಿಂದ ಇದು ಶುದ್ಧ ದ್ವೈತ, ಉಡುಪಿಗೆ ಒಪ್ಪಿಗೆಯಾಗುವಂಥದು. ಸ್ಟ್ರಾಂಗ್ ಹೈಬ್ರಿಡ್ಡಿನಲ್ಲಿ ಮೋಟರು ಒಬ್ಬನೇ ಗಾಡಿಯನ್ನು ಎಳೆಯಬಲ್ಲ, ಎಂಜಿನ್ನು ಆಗ ನಿದ್ದೆ ಹೋಗುತ್ತದೆ, ಬೇಕಾದಾಗ ಇಬ್ಬರೂ ಹೆಗಲು ಕೊಡುತ್ತಾರೆ. ಮೊದಲನೆಯದರ ಎವರೇಜ್ ಲೀಟರಿಗೆ 21.11 ಕಿಲೋಮೀಟರ್, ಎರಡನೆಯದರದು 27.97. ಸಿ.ಎನ್.ಜಿ. ಎಂಬ ಮೂರನೆಯ ಮತವೂ ಉಂಟು, ಕಿಲೋಗೆ 26.6 ಅಂತೆ. ಕಿಲೋ ಎಂದದ್ದೇ ಮಾಮಾನ ಕಣ್ಣು ಅರಳಿ "ಕ್ವಿಂಟಲಿಗೆ ಹ್ಯಾಂಗ?" ಎಂದುಬಿಟ್ಟರು. ಡಿಕ್ಕಿಯನ್ನು ಸಿಲಿಂಡರು ನುಂಗುತ್ತದೆಂದು ತಿಳಿದ ಮೇಲೆ ಆ ಮತವನ್ನು ಕೈಬಿಟ್ಟರು.

ಸ್ಟ್ರಾಂಗ್ ಹೈಬ್ರಿಡ್ಡಿನ ಮರ್ಮ ಅದರ ಬ್ಯಾಟರಿಯಲ್ಲಿದೆ. ಇದನ್ನು ಹರಿಪುರದವರಿಗಿಂತ ಚೆನ್ನಾಗಿ ಬಲ್ಲವರು ಭೂಮಂಡಲದಲ್ಲಿಲ್ಲ. ಅರಿಶಿನವನ್ನು ನೆಲದೊಳಗೆ ಆಳವಾಗಿ ತೋಡಿದ ಗುಂಡಿಗಳಲ್ಲಿ ಸುರಿದು, ಬಾಯಿ ಮುಚ್ಚಿ, ದರ ಏರುವ ತನಕ ವರ್ಷಗಟ್ಟಲೆ ಇಡುವುದು ಈ ಊರಿನ ಹಳೆಯ ವಿದ್ಯೆ. ಮರಾಠಿಯಲ್ಲಿ ಅದು 'ಪೇವ'. ನಮ್ಮ ಕಡೆ ಜೋಳ ತುಂಬುವ 'ಹಗೇವು' ಅದರ ಒಡಹುಟ್ಟು. ಹಗೇವು ಎಂಬುದರ ಮೊದಲ ಅಕ್ಷರ ನೆರೆಯಲ್ಲಿ ಕೊಚ್ಚಿಹೋಗಿ, ಉಳಿದದ್ದು ಗಡಿ ದಾಟುವಾಗ ಪೇವವಾಯಿತೆಂಬ ವ್ಯುತ್ಪತ್ತಿ ನನ್ನದೇ. ಭಾಷಾಶಾಸ್ತ್ರಜ್ಞರು ಇದಕ್ಕೆ ಮರುಮಾತು ಹೇಳಿಲ್ಲ, ನಾನು ಅವರಿಗೆ ತಿಳಿಸಿಯೂ ಇಲ್ಲ. ಬ್ಯಾಟರಿಯೂ ಒಂದು ಹಗೇವೇ. ಬ್ರೇಕು ಒತ್ತಿದಾಗ, ಇಳುಕಲಿನಲ್ಲಿ ಬಿಟ್ಟಾಗ, ಸಾದಾ ಗಾಡಿಯಲ್ಲಿ ಬರಿದೇ ಬಿಸಿಯಾಗಿ ಹೋಗುವ ಓಟವನ್ನು ಮೋಟರು ತಿರುಗಿ ಕರೆಂಟು ಮಾಡಿ ಅಲ್ಲಿ ಸುರಿಯುತ್ತದೆ. ಮುಂದಿನ ಸಲ ಹೊರಡುವಾಗ ತೋಡಿ ತೆಗೆಯುತ್ತದೆ. ಆದ್ದರಿಂದಲೇ ಹೆದ್ದಾರಿಯ ನೇರ ಓಟಕ್ಕಿಂತ ಸಾಂಗಲಿ ಪೇಟೆಯ ನಿಂತು ನಿಂತು ಹೋಗುವ ಓಟದಲ್ಲಿ ಈ ಮಾಡೆಲ್ಲಿನ ಲಾಭ ಹೆಚ್ಚು.

ಆದರೆ ಈ ಹಗೇವು ಎಷ್ಟು ದೊಡ್ಡದು ಎಂದು ಕೇಳಿದಾಗ ಮಾಮಾನಿಗೆ ನಗು ತಡೆಯಲಿಲ್ಲ. 0.76 ಕಿಲೋವಾಟ್ ಅವರ್. ಕರೆಂಟ್ ಬಿಲ್ಲಿನ ಭಾಷೆಯಲ್ಲಿ ಮುಕ್ಕಾಲು ಯೂನಿಟ್. ಎರಡು ಕಿಲೋವಾಟಿನ ಬಚ್ಚಲ ಗೀಸರನ್ನು ಅದು 23 ನಿಮಿಷ ನಡೆಸೀತು, ಒಬ್ಬ ಅಳಿಯನ ಅಭ್ಯಂಜನಕ್ಕೆ ಸಾಕು. "ಇಷ್ಟ ಸಣ್ಣ ಪೇವದಾಗ ನಮ್ಮಜ್ಜ ಉಪ್ಪಿನಕಾಯಿ ಸೈತ ಇಡ್ತಿದ್ದಿಲ್ಲ," ಎಂದರು. ಸಣ್ಣದಾಗಿರುವುದೇ ಅದರ ಗುಣ, ದಿನಕ್ಕೆ ನೂರು ಸಲ ತುಂಬಿ ನೂರು ಸಲ ಬರಿದಾಗುತ್ತದೆ ಎಂದು ನಾನು ಹೇಳಿದೆ. ವರ್ಷಗಟ್ಟಲೆ ಬಾಯಿ ತೆರೆಯದ ಗುಂಡಿಯನ್ನು ನಂಬಿ ಬದುಕಿದ ಮನೆತನಕ್ಕೆ ಈ ಮಾತು ರುಚಿಸಲಿಲ್ಲ.

ಅಮೆರಿಕದ ಮಿತವ್ಯಯಿಗಳು ಬೇರೆ ಜಾತಿ. 2016ರ ಪ್ರಿಯಸ್ಸಿನಲ್ಲಿ ಸಾದಾ ಮಾಡೆಲ್ ಗ್ಯಾಲನ್ನಿಗೆ 52 ಮೈಲು, 'ಇಕೋ' ಮಾಡೆಲ್ 56. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 22 ಮತ್ತು 24 ಕಿಲೋಮೀಟರ್. ಆ ನಾಲ್ಕು ಮೈಲಿಗಾಗಿ ಇಕೋ ಹಗುರವಾದ ಲಿಥಿಯಂ ಬ್ಯಾಟರಿ ಧರಿಸಿ ಸ್ಟೆಪ್ನಿಯನ್ನೇ ತ್ಯಜಿಸಿತು, ಪಂಕ್ಚರ್ ಆದರೆ ಹಚ್ಚಿಕೊಳ್ಳಲು ಒಂದು ಡಬ್ಬಿ ಮದ್ದು ಇಟ್ಟುಕೊಂಡಿತು. ಇದು ವೈರಾಗ್ಯಮಾರ್ಗ: ಬಿಟ್ಟಷ್ಟೂ ಹಗುರ, ಹಗುರವಾದಷ್ಟೂ ಪುಣ್ಯ. ಭಾರತದಲ್ಲಿ ಮಾತ್ರ ಮಿತವ್ಯಯ ಕಿರೀಟ ತೊಟ್ಟುಕೊಂಡು ಬರುತ್ತದೆ. ತಳದ ಮಾಡೆಲ್ಲಿಗೆ ಸ್ಟ್ರಾಂಗ್ ಹೈಬ್ರಿಡ್ ಸಿಗದು; ಮೇಲ್ಮೇಲಿನದಕ್ಕೆ ಹೋಗಬೇಕು, ತುತ್ತತುದಿಯಲ್ಲಿ ಆಕಾಶ ಕಾಣುವ ಗಾಜಿನ ಮಾಡೂ ಗಂಟುಬೀಳುತ್ತದೆ. ಗಾಜಿನ ಮಾಡು ಇದ್ದದ್ದಕ್ಕೂ ಇಲ್ಲದ್ದಕ್ಕೂ ಬರೆದ ಎವರೇಜ್ ಅದೇ 27.97. ಕಂಪನಿಯ ಶಾಸ್ತ್ರದಲ್ಲಿ ಆಕಾಶಕ್ಕೆ ತೂಕವಿಲ್ಲ.

ಪ್ರಮಾಣವಿಚಾರ ಚಿಕ್ಕದು. ಕಂಪನಿಯ ಅಂಕಿ ಶಬ್ದಪ್ರಮಾಣ. ಅದು ಪ್ರಯೋಗಶಾಲೆಯಲ್ಲಿ ಉರುಳೆಗಳ ಮೇಲೆ ನಿಂತಲ್ಲೇ ಓಡಿದ ಗಾಡಿಯದು; ಅಲ್ಲಿ ಗಾಳಿಯಿಲ್ಲ, ಗುಂಡಿಯಿಲ್ಲ, ಹಿಂದಿನ ಸೀಟಿನಲ್ಲಿ ಮೂವರು ಬೀಗರಿಲ್ಲ, ವೇಗ ಗಂಟೆಗೆ 90 ಕಿಲೋಮೀಟರ್ ದಾಟುವುದೂ ಇಲ್ಲ. ನೆರೆಮನೆಯವನ ಅಂಕಿ ಉಪಮಾನ, ಅದು ಕಂಪನಿಯದಕ್ಕಿಂತ ಯಾವಾಗಲೂ ಒಂದು ಹೆಚ್ಚು. ಪ್ರತ್ಯಕ್ಷವೆಂಬುದು ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ಭಾಗಿಸುವುದು. ಕಾರು ಕೊಂಡ ಮೇಲಷ್ಟೇ ಅದು ಲಭ್ಯ.

ಉಳಿದದ್ದು ಅನುಮಾನ, ಅಂದರೆ ಗಣಿತ. ಇಲ್ಲಿ ಎವರೇಜ್ ಎಂಬ ಮೋಹಿನಿ ದೊಡ್ಡ ದೊಡ್ಡವರನ್ನೂ ಕೆಡವಿದ್ದಾಳೆ. 21ರಿಂದ 28ಕ್ಕೆ ಏರಿದರೆ ಏಳು ಲಾಭ, 10ರಿಂದ 12ಕ್ಕೆ ಏರಿದರೆ ಬರೇ ಎರಡು ಎಂದು ಕಾಣುತ್ತದೆ. ಲೆಕ್ಕವನ್ನು ತಿರುವಿ ಹಾಕಿ, ನೂರು ಕಿಲೋಮೀಟರಿಗೆ ಎಷ್ಟು ಲೀಟರು ಎಂದು ಕೇಳಿ. ಸಾದಾ ಮಾಡೆಲ್ಲಿಗೆ 4.74, ಸ್ಟ್ರಾಂಗಿಗೆ 3.58, ಉಳಿತಾಯ 1.16 ಲೀಟರ್. ಮಾಮಾನ ಅಡತಿಗೆ ಬಾಳುವ ಹಳೆಯ ಜೀಪು 10 ಕೊಡುತ್ತದೆ. ಟೈರಿಗೆ ಗಾಳಿ ಹೊಡೆಸಿ, ಫಿಲ್ಟರಿನ ಅರಿಶಿನ ಝಾಡಿಸಿ ಅದನ್ನು 12ಕ್ಕೆ ಏರಿಸಿದರೆ ನೂರು ಕಿಲೋಮೀಟರಿಗೆ ಉಳಿಯುವುದು 1.67 ಲೀಟರ್. ಈ ಸಿದ್ಧಾಂತವನ್ನು ಮಂಡಿಸಿದ ರಾತ್ರಿ ಮಾಮಾ ಊಟ ಬಿಟ್ಟು ಜೀಪನ್ನೇ ನೋಡುತ್ತ ಕೂತಿದ್ದರು.

ಮುಂದಿನದು ಇನ್ನೂ ಕಠೋರ. ಮನೆಯಿಂದ ಯಾರ್ಡಿಗೆ ಹೋಗಿ ಬರುವುದು ದಿನಕ್ಕೆ ಹತ್ತು ಕಿಲೋಮೀಟರ್ ಎಂದಿಟ್ಟುಕೊಳ್ಳಿ, ವರ್ಷಕ್ಕೆ 300 ದಿನ. 3,000 ಕಿಲೋಮೀಟರಿಗೆ ಉಳಿಯುವ ಪೆಟ್ರೋಲು 35 ಲೀಟರ್, ಲೀಟರಿಗೆ ನೂರರಂತೆ 3,500 ರೂಪಾಯಿ. ಎರಡು ಮಾಡೆಲ್ಲುಗಳ ನಡುವಿನ ಬೆಲೆಯ ಅಂತರ ಮೂರು ಲಕ್ಷ ಎಂದು ಹಿಡಿದರೆ ಕೊಟ್ಟ ದುಡ್ಡು ತಿರುಗಿ ಬರಲು 86 ವರ್ಷ ಬೇಕು. ಮಾಮಾನಿಗೆ ಈಗ 58. ಲಾಭದ ಮೊದಲ ರೂಪಾಯಿಯನ್ನು ಅವರು ತಮ್ಮ 144ನೆಯ ವಯಸ್ಸಿನಲ್ಲಿ ಎಣಿಸುತ್ತಾರೆ. ಇದೇ ಊರಿನ ದೇವಲರು 1899ರಲ್ಲಿ 'ಶಾರದಾ' ನಾಟಕ ಬರೆದು, ಎಳೆಯ ಹುಡುಗಿಯನ್ನು ಮದುವೆಯಾಗಲು ಹೊರಟ ಮುದುಕನನ್ನು ಲೋಕವೆಲ್ಲ ನಗುವಂತೆ ಮಾಡಿದ್ದರು. ವಯಸ್ಸು ನೋಡದೆ ಮಾಡೆಲ್ ಆರಿಸುವವರ ಬಗ್ಗೆ ಬರೆಯದೆ ಹೋದರು. ವರ್ಷಕ್ಕೆ 30,000 ಕಿಲೋಮೀಟರ್ ಓಡುವ ಟ್ಯಾಕ್ಸಿಯವನಿಗಾದರೆ ಇದೇ ಲೆಕ್ಕ ಎಂಟೂವರೆ ವರ್ಷಕ್ಕೆ ಇಳಿಯುತ್ತದೆ. ಅವನು ಈ ಗ್ರಂಥ ಓದುವುದಿಲ್ಲ, ಅವನಿಗೆ ಪುರುಸೊತ್ತಿಲ್ಲ.

ನೆರೆಯ ಪ್ರಕರಣವನ್ನು ಕೈಬಿಟ್ಟಿದ್ದೇನೆ. 2005 ಮತ್ತು 2019ರಲ್ಲಿ ಕೃಷ್ಣೆ ಏರಿದಾಗ ಹರಿಪುರದಲ್ಲಿ ಓಡಿದ್ದು ದೋಣಿ ಮಾತ್ರ. ಅದರ ಎವರೇಜನ್ನು ಯಾರೂ ಕೇಳಲಿಲ್ಲ.

ಕೊನೆಗೆ ಟೆಸ್ಟ್ ಡ್ರೈವ್. ಸೇಲ್ಸ್ ಹುಡುಗ ಸ್ಟ್ರಾಂಗ್ ಹೈಬ್ರಿಡ್ಡನ್ನು ಸಾಂಗಲಿಯಿಂದ ಹರಿಪುರಕ್ಕೆ ತಂದ. ಸ್ಟೇರಿಂಗಿಗೆ ಮಾಮಾ, ಪಕ್ಕಕ್ಕೆ ಹುಡುಗ, ಹಿಂದೆ ನಾನೂ ಮಾಮಿಯೂ. ಊರೊಳಗಿನ ಓಣಿಗೆ ತಿರುಗುತ್ತಲೇ ಎಂಜಿನ್ನು ನಿದ್ದೆ ಹೋಯಿತು, ಗಾಡಿ ಸದ್ದಿಲ್ಲದೆ ತೇಲತೊಡಗಿತು. ಪರದೆಯ ಮೇಲೆ ಎಲೆಗಳು ಹಸಿರಾದವು. "ನೋಡ್ರಿ, ಈಗ ಪೆಟ್ರೋಲ್ ಖರ್ಚ ಸೊನ್ನೆ," ಎಂದ ಹುಡುಗ. ಓಣಿಯ ನಡುವೆ ಎಮ್ಮೆಯೊಂದು ಮಲಗಿ ಮೆಲುಕು ಹಾಕುತ್ತಿತ್ತು. ಜೀಪಿನ ಸದ್ದಿಗೆ ಅರ್ಧ ಫರ್ಲಾಂಗಿನಿಂದಲೇ ಏಳುವ ಎಮ್ಮೆ ಅದು. ಈಗ ಬಂಪರು ಬಾಲಕ್ಕೆ ಮುಟ್ಟುವಷ್ಟು ಹತ್ತಿರ ಬಂದರೂ ಕಿವಿ ಅಲುಗಿಸಲಿಲ್ಲ. ಮಾಮಾ ಹಾರ್ನ್ ಹೊಡೆದರು. ಹಾರ್ನನ್ನು ಅದು ಎಂದೂ ಲೆಕ್ಕಕ್ಕೆ ಹಿಡಿದದ್ದಿಲ್ಲ. ಏ.ಸಿ. ನಡೆದೇ ಇತ್ತು, ಮುಕ್ಕಾಲು ಯೂನಿಟ್ಟಿನ ಹಗೇವು ಮೆಲ್ಲಗೆ ಬರಿದಾಗಿ, ಎಂಜಿನ್ನು ಗುರ್ ಎಂದು ಎದ್ದು, ನಿಂತಲ್ಲೇ ಪೆಟ್ರೋಲ್ ಕುಡಿಯತೊಡಗಿತು. ಎವರೇಜಿನ ಅಂಕಿ ಎಲ್ಲರ ಕಣ್ಣೆದುರೇ ಇಳಿಯತೊಡಗಿತು.

"ಅಳಿಯಾ, ಇದಕ್ಕ ಶಾಸ್ತ್ರದಾಗ ಏನೈತಿ ನೋಡು," ಎಂದರು ಮಾಮಾ.

ನಾನು ಪುಟ ತಿರುವುತ್ತಿದ್ದಾಗ ಮಾಮಿ ಬಾಗಿಲು ತೆಗೆದು ಇಳಿದರು. ಡಿಕ್ಕಿ ಎತ್ತಿಸಿ ಒಳಗೆ ಗೇಣು ಹಾಕಿ ಅಳೆದರು. ಬ್ಯಾಟರಿ ಕೂತು ತಳ ಎತ್ತರವಾಗಿತ್ತು. "ಇದರಾಗ ಒಂದ ಚೀಲನೂ ನೆಟ್ಟಗ ನಿಂದ್ರೂದಿಲ್ಲ," ಎಂದು ಹೇಳಿ, ಎಮ್ಮೆಯ ಬೆನ್ನು ಸವರಿ, ಎರಡು ಮನೆ ಆಚೆಗಿದ್ದ ತಮ್ಮ ಮನೆಗೆ ನಡೆದುಬಿಟ್ಟರು. ಎಮ್ಮೆ ಎದ್ದು ಅವರ ಹಿಂದೆಯೇ ಹೋಯಿತು.