ಬಕೆಟ್ಟಿನ ಸಂಧಿಮೀಮಾಂಸೆ: ಜೇವರ್ಗಿ ತಾಲ್ಲೂಕಿನ ಪರಿಪ್ರೇಕ್ಷ್ಯದಲ್ಲಿ ಒಂದು ತಾತ್ವಿಕ ಅನುಸಂಧಾನ

ಮಣ್ಣಿಲ್ಲದೆ ಗಿಡ ಬೆಳೆಸಲೆಂದು ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಬಕೆಟ್ಟಿಗೆ ತೂತು ಹೊಡೆದು, ಆ ತೂತಿಗೆ ಪೈಪು ಕೂರಿಸಿ, ಪೈಪಿನ ಸುತ್ತ ನೀರು ಸೋರದಂತೆ ಕಾಯುವ ಮಾನವ ಪ್ರಯತ್ನವನ್ನು ತಾತ್ವಿಕ, ಸೈದ್ಧಾಂತಿಕ, ಸಾಂಸ್ಕೃತಿಕ ಹಾಗೂ ಪ್ಲಂಬಿಂಗ್ ನೆಲೆಗಳಲ್ಲಿ ಪರಿಶೀಲಿಸುವುದು ಪ್ರಸ್ತುತ ಸಂಪ್ರಬಂಧದ ಘನ ಉದ್ದೇಶವಾಗಿರುತ್ತದೆ. ಅಧ್ಯಯನದ ಭೌಗೋಳಿಕ ವ್ಯಾಪ್ತಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕು, ಕಾಲವ್ಯಾಪ್ತಿ ಬೇಸಿಗೆ. ಆಳಂದ, ಅಫಜಲಪುರಗಳನ್ನು ಸ್ಥಳಾಭಾವದಿಂದ ಕೈಬಿಡಲಾಗಿದೆ. ಅಲ್ಲಿಯ ಬಕೆಟ್ಟುಗಳೂ ಸೋರುತ್ತವೆ ಎಂದು ಊಹಿಸಲು ಅಡ್ಡಿಯಿಲ್ಲ.

ಪೂರ್ವಸೂರಿಗಳನ್ನು ನೆನೆಯದೆ ಮುಂದುವರಿದರೆ ಮೌಲ್ಯಮಾಪಕರು ಒಪ್ಪುವುದಿಲ್ಲವಾದ್ದರಿಂದ ನೆನೆಯುತ್ತೇನೆ. ಮಣ್ಣಿಲ್ಲದೆ ಬೆಳೆ ತೆಗೆಯುವ ವಿದ್ಯೆಗೆ 1937ರಲ್ಲಿ ‘ಹೈಡ್ರೋಪೋನಿಕ್ಸ್’ ಎಂಬ ಹೆಸರನ್ನು ಚಲಾವಣೆಗೆ ತಂದವರು ಕ್ಯಾಲಿಫೋರ್ನಿಯಾದ ಗೆರಿಕೆ. ಮರುವರ್ಷ ಹೋಗ್ಲಂಡ್ ಮತ್ತು ಆರ್ನಾನ್ ಗೊಬ್ಬರ ನೀರಿನ ಪಾಕ ಪ್ರಕಟಿಸಿದರು. 1946ರಲ್ಲಿ ಶೋಲ್ಟೋ ಡಗ್ಲಸ್ ಆ ವಿದ್ಯೆಯನ್ನು ಬಂಗಾಳದ ಕಾಲಿಂಪಾಂಗಿನಲ್ಲಿ ಪ್ರಯೋಗಿಸಿದರು. ಇವರಲ್ಲಿ ಯಾರೂ ಭೀಮಾ ನದಿ ದಾಟಿ ಜೇವರ್ಗಿಗೆ ಬಂದ ದಾಖಲೆ ಇಲ್ಲ. ಇನ್ನು ವಚನ ಸಾಹಿತ್ಯ. ಹದಿನೇಳನೆಯ ಶತಮಾನದ ಷಣ್ಮುಖ ಶಿವಯೋಗಿಗಳು ಜೇವರ್ಗಿಯವರೇ. ಅವರ ಅಂಕಿತ ‘ಅಖಂಡೇಶ್ವರ’. ಆ ಅಂಕಿತವನ್ನು ಎಳೆದು ತಂದು ಬಿರುಕಿಲ್ಲದ ಬಕೆಟ್ಟಿಗೆ ಕಟ್ಟುವ ಶಕ್ತಿ ನಮ್ಮ ವಿಚಾರ ಸಂಕಿರಣಗಳಿಗೆ ಇದೆ. ನಾನು ಎಳೆಯುವುದಿಲ್ಲ. ಅಷ್ಟು ಮರ್ಯಾದೆ ಇನ್ನೂ ಉಳಿದಿದೆ.

ಸೈದ್ಧಾಂತಿಕ ಚೌಕಟ್ಟಿಗಾಗಿ ಕೇಶಿರಾಜನಲ್ಲಿಗೇ ಹೋಗಬೇಕಾಯಿತು. ಹದಿಮೂರನೆಯ ಶತಮಾನದ ‘ಶಬ್ದಮಣಿದರ್ಪಣ’ಕಾರನು ಪ್ಲಂಬರನಾಗಿರಲಿಲ್ಲ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿದೆ. ಆದಾಗ್ಯೂ ಎರಡು ವಸ್ತು ಕೂಡುವಲ್ಲಿ ಏನೇನು ಅನಾಹುತ ಆಗಬಹುದೆಂದು ಕನ್ನಡಿಗರು ಕಲಿತದ್ದು ಸಂಧಿಪ್ರಕರಣದಿಂದಲೇ. ಅದರಂತೆ ಬಕೆಟ್ ಸಂಧಿಗಳು ಮೂರು ವಿಧ.

ಮೊದಲನೆಯದು ಲೋಪಸಂಧಿ. ಸಂಜೆ ತುಂಬಿಸಿದ ನೀರು ಬೆಳಗಾಗುವುದರೊಳಗೆ ಲೋಪವಾಗಿರುತ್ತದೆ. ಇದರ ಕರ್ತೃಕಾರಕ, ತೂತಿಗೆ ತೂರಿಸಿ ನಟ್ಟಿನಿಂದ ಬಿಗಿಯುವ ಟ್ಯಾಂಕ್ ನಿಪ್ಪಲ್. ಅಂಗಡಿಯಾತ “ಸರ, ಬರೋಬ್ಬರಿ ಕುಂದರ್ತದ್ರಿ” ಎಂದು ಕೊಟ್ಟದ್ದು ಸುಳ್ಳಲ್ಲ; ಅದು ಬರೋಬ್ಬರಿ ಕೂರುವುದು ಸಪಾಟು ಗೋಡೆಗೆ. ಬಕೆಟ್ಟಿನ ಮೈ ದುಂಡು. ಒಳಗಡೆ ಇಟ್ಟ ವಾಷರಿನ ಎಡಬಲದ ಅಂಚು ಮಾತ್ರ ಗೋಡೆಯನ್ನು ಕಚ್ಚುತ್ತದೆ, ಮೇಲೂ ಕೆಳಗೂ ಸಂದು ಉಳಿಯುತ್ತದೆ. ಆಗ ಪಾನಾ ತಂದು ಇನ್ನಷ್ಟು ಬಿಗಿಯುತ್ತೇವೆ. ಗೋಡೆ ಬಾಗುತ್ತದೆ, ವಾಷರು ಪಕ್ಕಕ್ಕೆ ಜಾರುತ್ತದೆ, ಸೋರುವಿಕೆ ಹೆಚ್ಚುತ್ತದೆ. ಒಂದಡಿ ನೀರಿನ ಒತ್ತಡ ಚದರ ಸೆಂಟಿಮೀಟರಿಗೆ 0.03 ಕಿಲೋ ಮಾತ್ರ. ಅಷ್ಟಕ್ಕೆ ಪೈಲ್ವಾನರ ಅಗತ್ಯವಿಲ್ಲ. ಒಂದಿಂಚಿನ ಬದಲು ಅರ್ಧ ಇಂಚಿನ ನಿಪ್ಪಲ್ ತೆಗೆದುಕೊಂಡರೆ ದುಂಡಿನ ಕಾಟ ಕಡಿಮೆ. ವಾಷರು ದಪ್ಪಗೆ, ಮೆತ್ತಗೆ ಇರಬೇಕು ಮತ್ತು ನೀರಿರುವ ಒಳಮಗ್ಗುಲಲ್ಲೇ ಇರಬೇಕು. ನಟ್ಟನ್ನು ಕೈಯಿಂದ ಬಿಗಿದು ಮೇಲೆ ಕಾಲು ಸುತ್ತು ತಿರುವಿದರೆ ಮುಗಿಯಿತು.

ಎರಡನೆಯದು ಆಗಮಸಂಧಿ: ಕರೆಯದ ಜಾಗಕ್ಕೆ ನೀರು ಆಗಮಿಸುವುದು. ಶಹಾಬಾದ್ ಫರಸಿಯ ನೆಲವಿದ್ದವರಿಗೆ ಇದು ಬೇಗ ಗೊತ್ತಾಗುತ್ತದೆ, ಕಲ್ಲು ಕಪ್ಪಾಗುತ್ತದೆ. ಸೆಕೆಂಡಿಗೆ ಒಂದು ಹನಿಯಂತೆ ಸೋರಿದರೆ ದಿನಕ್ಕೆ ನಾಲ್ಕು ಲೀಟರ್ ದಾಟುತ್ತದೆ. ಐದು ದಿನಕ್ಕೆ ಬಕೆಟ್ಟು ಖಾಲಿ. ಇಲ್ಲಿ ಎಲ್ಲರೂ ಟೆಫ್ಲಾನ್ ಟೇಪಿನ ಮೊರೆ ಹೋಗುತ್ತಾರೆ. ತುದಿಗೆ ಸಣ್ಣದಾಗುತ್ತ ಹೋಗುವ ಥ್ರೆಡ್ಡಿಗೆ ಟೇಪು ಸರಿ, ಅದನ್ನೂ ಥ್ರೆಡ್ಡಿನ ಬಾಯಿ ನಮ್ಮ ಕಡೆ ಇದ್ದಾಗ ಗಡಿಯಾರದ ದಿಕ್ಕಿನಲ್ಲಿ ಸುತ್ತಬೇಕು. ಟ್ಯಾಂಕ್ ನಿಪ್ಪಲ್ಲಿನ ನೇರ ಥ್ರೆಡ್ಡಿಗೆ ಎಷ್ಟು ಸುತ್ತಿದರೂ ನೀರು ತಡೆಯುವುದು ವಾಷರೇ ಹೊರತು ಟೇಪಲ್ಲ.

ಮೂರನೆಯದು ಆದೇಶಸಂಧಿ, ಅಂದರೆ ಒಂದರ ಬದಲಿಗೆ ಇನ್ನೊಂದು ಬರುವುದು. ವಾಷರಿನ ಬದಲಿಗೆ ಕತ್ತರಿಸಿದ ಸೈಕಲ್ ಟ್ಯೂಬು: ಇದು ಕೆಲಸ ಮಾಡುತ್ತದೆ, ನಾಚಿಕೆ ಬೇಡ. ಡ್ರಿಲ್ಲಿನ ಬದಲಿಗೆ ಕಾಸಿದ ಸಲಾಕೆ: ಕರಗಿದ ಅಂಚು ಗಂಟುಗಂಟಾಗಿ ಉಳಿಯುತ್ತದೆ, ಸೋರುತ್ತದೆ. ಫಿಟ್ಟಿಂಗ್ ಬದಲಿಗೆ ಪೈಪು ಅಂಟಿಸುವ ಸೋಲ್ಯೂಷನ್: ಅದು ಪಿವಿಸಿಯನ್ನು ಕರಗಿಸಿ ಕೂಡಿಸುವಂಥದ್ದು, ಬಕೆಟ್ಟು ಪಿವಿಸಿಯಲ್ಲ, ಪಾಲಿಪ್ರೊಪಿಲೀನ್ ಅಥವಾ ಪಾಲಿಎಥಿಲೀನ್, ಅದಕ್ಕೆ ಇದು ಹತ್ತುವುದೇ ಇಲ್ಲ. ಎಂ-ಸೀಲೂ ಅಂಥ ನುಣುಪು ಮೈಯಿಂದ ಹಪ್ಪಳದಂತೆ ಎದ್ದು ಬರುತ್ತದೆ. ಪ್ಲಾಸ್ಟಿಕ್ಕಿನ ಬದಲಿಗೆ ಜಿಐ ನಿಪ್ಪಲ್ ಹಾಕಿದರೆ, ಪಿಎಚ್ 5.5ರಿಂದ 6.5ರವರೆಗಿನ ಹುಳಿ ಗೊಬ್ಬರ ನೀರಿಗೆ ಅದರ ಸತು ಬಿಟ್ಟುಕೊಂಡು ಬೇರಿಗೆ ವಿಷವಾಗಬಹುದು.

ನಾಲ್ಕನೆಯದಾಗಿ ಸವರ್ಣದೀರ್ಘ, ಗುಣ, ವೃದ್ಧಿ, ಯಣ್ ಮುಂತಾದ ಸಂಸ್ಕೃತ ಸಂಧಿಗಳನ್ನು ಸಿಪಿವಿಸಿ ಫಿಟ್ಟಿಂಗುಗಳಿಗೆ ಅನ್ವಯಿಸುವ ಯೋಜನೆ ಇತ್ತು. ಬಿಡಿ. ನನಗೇ ಸಾಕಾಗಿದೆ.

ಈ ಭಾಷೆ ನನ್ನದಲ್ಲ. ಮಣ್ಣುರಹಿತ ಕೃಷಿಯ ಒಂದು ತರಬೇತಿ ಶಿಬಿರದಲ್ಲಿ ಕೂತು ಎದ್ದುಬಂದದ್ದರ ಫಲ ಇದು. ಹಾರ, ಶಾಲು, ಪ್ರಾಸ್ತಾವಿಕ ನುಡಿ ಮುಗಿಯುವ ಹೊತ್ತಿಗೆ ಊಟದ ವೇಳೆ ಆಗಿತ್ತು. ಆಮೇಲೆ ಸಂಪನ್ಮೂಲ ವ್ಯಕ್ತಿಗಳು ಪರದೆಯ ಮೇಲೆ ಹಾಲೆಂಡಿನ ಗಾಜಿನ ಮನೆಗಳನ್ನು ತೋರಿಸಿದರು. ‘ಸುಸ್ಥಿರ’, ‘ಸಮಗ್ರ’, ‘ಸ್ಮಾರ್ಟ್’ ಎಂಬ ಮೂರು ಪದಗಳಿಂದಲೇ ಗಂಟೆ ಕಳೆಯಿತು. ಹಿಂದಿನ ಸಾಲಿನಲ್ಲಿದ್ದ ಹೆಣ್ಣುಮಗಳೊಬ್ಬಳು ಎದ್ದು ನಿಂತು ಕೇಳಿದಳು: “ಸರ, ತೂತು ಎಲ್ಲಿ ಹೊಡೀಬೇಕ್ರಿ? ತಳಕ್ಕೋ, ಬಾಜೂಕೋ?” ಅದು ಅನುಷ್ಠಾನದ ಹಂತದಲ್ಲಿ ಬರುವ ಪ್ರಶ್ನೆ ಎಂದು ಉತ್ತರ ಬಂತು. ನಂತರ ವಂದನಾರ್ಪಣೆ.

ಇಡೀ ಸಭಾಂಗಣದಲ್ಲಿ ಕೇಳಲು ಯೋಗ್ಯವಾದ ಪ್ರಶ್ನೆ ಅದೊಂದೇ ಇತ್ತು. ಅದಕ್ಕೆ ಉತ್ತರ ಹೀಗೆ: ತಳ ಸಪಾಟಾಗಿದ್ದರೆ ತಳಕ್ಕೆ, ಬಕೆಟ್ಟನ್ನು ಎರಡು ಇಟ್ಟಂಗಿಯ ಮೇಲೆ ಎತ್ತಿಟ್ಟು. ಬಾಜೂಕೇ ಬೇಕೆಂದರೆ ನಿಪ್ಪಲ್ ಬಿಟ್ಟು ರಬ್ಬರ್ ಗ್ರೋಮೆಟ್, ಅಂದರೆ ತೂತಿನ ಅಂಚಿಗೆ ಕೂರುವ ರಬ್ಬರ್ ಬಳೆ, ಹಾಕಮ್ಮ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗಲಿಕ್ಕಿಲ್ಲ, ಡ್ರಿಪ್ ಸಾಮಾನು ಮಾರುವಲ್ಲಿ ಸಿಗುತ್ತದೆ. ಕಬ್ಬಿಗೆ ಡ್ರಿಪ್ ಹಾಕಿಸಿದ ನಿಮ್ಮ ಕಾಕಾಗೆ ಅದು ಗೊತ್ತು. ಗ್ರೋಮೆಟ್ಟಿಗೆ ಹೇಳಿದ ಅಳತೆಯ ಬಿಟ್ಟಿನಿಂದಲೇ ತೂತು ಕೊರೆದು, ಅಂಚನ್ನು ಬ್ಲೇಡಿನಿಂದ ನಯ ಮಾಡಿ, ರಬ್ಬರ್ ಕೂರಿಸಿ, ಪೈಪಿಗೆ ಸೋಪಿನ ನೀರು ಸವರಿ ತುರುಕಬೇಕು. ದುಂಡು ಮೈಗೆ ರಬ್ಬರ್ ತಾನೇ ಬಗ್ಗಿಕೊಳ್ಳುತ್ತದೆ. ಇನ್ನೊಂದು ಲಾಭ, ನಮ್ಮ ಬಿಸಿಲು. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಪಾಲಿಎಥಿಲೀನ್ ಬಕೆಟ್ಟು ಪಿವಿಸಿಗಿಂತ ಎರಡು ಪಟ್ಟಿನಷ್ಟು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಮೊದಲ ದಿನ ಸೋರದ ನಿಪ್ಪಲ್ ವಾರದ ಮೇಲೆ ಸೋರುವುದು ಇದಕ್ಕೇ. ರಬ್ಬರ್ ಆ ಹಿಗ್ಗು-ಕುಗ್ಗನ್ನು ತಾಳಿಕೊಳ್ಳುತ್ತದೆ. ಇಷ್ಟನ್ನು ಹೇಳಲು ಪ್ರೊಜೆಕ್ಟರ್ ಬೇಕಿರಲಿಲ್ಲ.

ಮಣ್ಣೇ ಸಮಸ್ಯೆ ಎಂದರು ಶಿಬಿರದ ಸಂಪನ್ಮೂಲ ವ್ಯಕ್ತಿಗಳು, ಅದೂ ಎರೆಭೂಮಿಯ ಜನಕ್ಕೆ! ಈ ಮಣ್ಣಿನ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 2022ರಲ್ಲಿ ಅದೇ ತೊಗರಿ ನೆಟೆ ರೋಗಕ್ಕೆ ನಿಂತಲ್ಲೇ ಒಣಗಿದ್ದೂ ನಿಜ, ಆ ರೋಗ ಮಣ್ಣಿನಿಂದಲೇ ಬರುವುದೂ ನಿಜ. ಆದರೆ ಬಕೆಟ್ಟಿನಲ್ಲಿ ತೊಗರಿ ಬೆಳೆಯಿರಿ ಎಂದು ಅವರೇನೂ ಹೇಳಲಿಲ್ಲ. ಹೇಳಿದ್ದು ಲೆಟ್ಯೂಸ್. ರೊಟ್ಟಿಗೆ ಪುಂಡಿಪಲ್ಯ ಹಚ್ಚಿಕೊಳ್ಳುವ ಮನೆಗಳಿಗೆ ಲೆಟ್ಯೂಸ್.

ನಮಗೆ ಕೊರತೆ ಇರುವುದು ನೀರಿಗೆ, ಮತ್ತು ಆ ನೀರು ಸೋರುವುದು ಬಕೆಟ್ಟಿನಲ್ಲಲ್ಲ. ನನ್ನ ಐದು ಬಕೆಟ್ಟಿಗೆ ನೂರು ಲೀಟರ್ ಬೇಕು. 2019ರಲ್ಲಿ ಶುರುವಾದ ಜಲಜೀವನ ಮಿಷನ್, ನಮ್ಮಲ್ಲಿ ‘ಮನೆ ಮನೆಗೆ ಗಂಗೆ’, ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಲೆಕ್ಕ ಕಟ್ಟಿದೆ. ಅಂದರೆ ನನ್ನ ಬಕೆಟ್ಟುಗಳು ಹೆಚ್ಚುಕಡಿಮೆ ಇಬ್ಬರ ಒಂದು ದಿನದ ಪಾಲು ನುಂಗುತ್ತವೆ. ಆ ಪಾಲು ನಲ್ಲಿಯವರೆಗೆ ಬಂದರೆ ತಾನೆ? ರಸ್ತೆ ಕೆಳಗಿನ ಒಂದು ಜೋಡಣೆ ಸಡಿಲವಾದರೆ ನೀರು ಗಟಾರಕ್ಕೆ ಹರಿಯುತ್ತದೆ. ಅದಾದರೂ ಪರವಾಗಿಲ್ಲ. ನೀರು ಬಿಟ್ಟುಬಿಟ್ಟು ಬರುವ ಊರುಗಳಲ್ಲಿ ಪೈಪು ಖಾಲಿಯಾದಾಗ ಅದೇ ಸಂದಿನಿಂದ ಗಟಾರದ ನೀರು ಒಳಕ್ಕೆ ನುಗ್ಗುತ್ತದೆ, ಮರುದಿನ ಮನೆಯ ಕೊಡಕ್ಕೆ ಬೀಳುತ್ತದೆ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ರಸ್ತೆ ಕೆಳಗಿನ ಜೋಡಣೆಗಳ ಬಗ್ಗೆ ಶಿಬಿರ ನಡೆಸಲು, ಅಲ್ಲಿ ವಾಷರು ಹಾಕಿದ್ದಾರೋ ಇಲ್ಲವೋ ನೋಡಲು ಯಾವ ಸಂಪನ್ಮೂಲ ವ್ಯಕ್ತಿಯೂ ಶಾಲು ಹೊದ್ದು ಬರುವುದಿಲ್ಲ.

ಶಿಫಾರಸುಗಳು. ಹವಾಯಿಯ ಕ್ರಾಟ್ಕಿ ಎಂಬವರು 2009ರಲ್ಲಿ ಬರೆದ ಪದ್ಧತಿಯಲ್ಲಿ ಬಕೆಟ್ಟಿಗೆ ತೂತೇ ಇಲ್ಲ, ಪಂಪೂ ಇಲ್ಲ. ಗಿಡ ಕುಡಿದಂತೆ ನೀರು ಇಳಿಯುತ್ತದೆ, ಬಯಲಾದ ಬೇರು ಗಾಳಿ ಕುಡಿಯುತ್ತದೆ. ಕೇಶಿರಾಜನ ಶಿಷ್ಯರು ಇದನ್ನು ಪ್ರಕೃತಿಭಾವ, ಅಂದರೆ ಸಂಧಿಯೇ ಆಗದಿರುವುದು, ಎನ್ನಬಹುದು. ಬೆಳಕು ಹೋಗದಂತೆ ಬಕೆಟ್ಟಿಗೆ ಮೊದಲು ಕಪ್ಪು, ಮೇಲೆ ಬಿಳಿ ಬಣ್ಣ ಬಳಿದು, ನವೆಂಬರಿನಿಂದ ಫೆಬ್ರವರಿಯವರೆಗೆ ಮೆಂತ್ಯ, ಪಾಲಕ್ ಹಾಕಿಕೊಳ್ಳಿ. ಏಪ್ರಿಲಿನಲ್ಲಿ ಬೇಡ. 25 ಡಿಗ್ರಿಯ ಒಂದು ಲೀಟರ್ ನೀರಿನಲ್ಲಿ ಎಂಟು ಮಿಲಿಗ್ರಾಂಗಿಂತ ತುಸು ಹೆಚ್ಚು ಆಮ್ಲಜನಕ ಕರಗಬಲ್ಲದು, 40 ಡಿಗ್ರಿಯಲ್ಲಿ ಆರೂವರೆಯೂ ಇಲ್ಲ, ಬೇರು ಕೊಳೆಯುತ್ತದೆ. ಅಲ್ಲದೆ ಏಪ್ರಿಲಿನಲ್ಲಿ ನೀರು ಹಿಡಿದಿಡಲು ಆ ಬಕೆಟ್ಟು ಮನೆಗೇ ಬೇಕು. ತೂತು ಹೊಡೆಯಬೇಡಿ.