ಕೆಂಪು ಟೊಪ್ಪಿಗೆ

ಬದನೆಕಾಯಿ ಆರಿಸಲೂ ಬಾರದವನೆಂದು ಮನೆಯಲ್ಲಿ ಹೆಸರಾದ ನನ್ನನ್ನು, ಅಪ್ಪನಿಗೆ ಇನ್ಸುಲಿನ್ ಸಿರಿಂಜ್ ತರಲು ಕಾಚಿಗುಡದಿಂದ ಕೋಠಿಗೆ ಕಳಿಸಿದ್ದರು. ಅಂಗಡಿಯಾತ ಅಪ್ಪಟ ಹೈದರಾಬಾದಿಯಲ್ಲಿ, “ಚಾಲೀಸ್ ಹೋನಾ ಕಿ ಸೌ ಹೋನಾ?” ಎಂದ. ಬೆಲೆ ಕೇಳುತ್ತಿದ್ದಾನೆಂದುಕೊಂಡೆ. ಅಪ್ಪನ ವಿಷಯದಲ್ಲಿ ಜಿಪುಣತನ ಯಾಕೆಂದು, ಎದೆ ಸೆಟೆಸಿ “ಸೌ” ಎಂದೆ.

ಅಪ್ಪ ಕನ್ನಡಕ ಏರಿಸಿ ನೋಡಿದರು. “ಕೆಂಪು ಟೊಪ್ಪಿಗಿದು ತಾ ಅಂದ್ರ ಕಿತ್ತಳಿ ಟೊಪ್ಪಿಗಿದು ತಂದೀಯಲ್ಲೋ ತಮ್ಮಾ!”

ಬಣ್ಣದಲ್ಲೇನಿದೆ ಎಂದು ವಾದಿಸಹೋಗಿ ಪಾಠ ಹೇಳಿಸಿಕೊಂಡೆ. ಅಪ್ಪನ ಬಾಟಲಿಯಲ್ಲಿರುವುದು ಒಂದು ಎಂ.ಎಲ್.ಗೆ 40 ಯೂನಿಟ್ ಔಷಧ. ಕೆಂಪು ಟೊಪ್ಪಿಗೆಯ ಸಿರಿಂಜಿನ ಗೆರೆಗಳು ಅದರ ಲೆಕ್ಕಕ್ಕೇ ಎಳೆದವು. ಕಿತ್ತಳೆಯವು 100 ಯೂನಿಟ್ಟಿನ ಲೆಕ್ಕದವು. ನಾನು ತಂದದ್ದರಲ್ಲಿ 20ರ ಗೆರೆವರೆಗೆ ಎಳೆದರೆ ಅಪ್ಪನಿಗೆ ಸಿಗುವುದು ಬರೀ 8 ಯೂನಿಟ್. ತಿರುವುಮುರುವಾಗಿ, 100ರ ಔಷಧವನ್ನು ಕೆಂಪಿನಲ್ಲಿ 20ರವರೆಗೆ ಎಳೆದರೆ ಒಳಹೋಗುವುದು 50! ಮೊದಲನೆಯದರಲ್ಲಿ ಸಕ್ಕರೆ ಏರುತ್ತದೆ, ಎರಡನೆಯದರಲ್ಲಿ ಆಸಾಮಿಯೇ ಕುಸಿಯುತ್ತಾನೆ.

“ಹಾಲಿ, ಕಲ್ದಾರ ಇದ್ದಂಗ,” ಎಂದರು ಅಪ್ಪ. ನಿಜಾಮರ ರೂಪಾಯಿ ಹಾಲಿ, ಬ್ರಿಟಿಷರದು ಕಲ್ದಾರ. ಆರು ಕಲ್ದಾರಕ್ಕೆ ಏಳು ಹಾಲಿ. ಎರಡಕ್ಕೂ ರೂಪಾಯಿ ಎಂದೇ ಹೆಸರು. ಗಡಿಯಾಚೆ ಸೊಲ್ಲಾಪುರದ ಸಂತೆಗೆ ಹೋಗಿ, ಯಾವ ರೂಪಾಯಿ ಎಂದು ಕೇಳದೆ ಎತ್ತು ಕೊಂಡವನ ಪಾಡೇ ನನ್ನದು.

ಮತ್ತೆ ಕೋಠಿ. ಈ ಸಲ “ಲಾಲ್ ಟೋಪಿ” ಎಂದು ಬಾಯಿಪಾಠ ಮಾಡಿಕೊಂಡೇ ಹೋದೆ. ಆತ ಸೂಜಿಯ ಗೇಜ್ ಕೇಳಿದ. ಅಲ್ಲಿ ಇನ್ನೊಂದು ತಲೆಕೆಳಗು ಲೆಕ್ಕ: ಅಂಕಿ ದೊಡ್ಡದಾದಷ್ಟೂ ಸೂಜಿ ಸಣ್ಣ. 26ಕ್ಕಿಂತ 31 ತೆಳು. ದೊಡ್ಡವರಾದಷ್ಟೂ ನೋವು ಕಡಿಮೆ ಕೊಡುವ ಪದ್ಧತಿ ಸೂಜಿಗಳಲ್ಲಾದರೂ ಉಳಿದಿದೆಯಲ್ಲ. ಚಿಕ್ಕಂದಿನಲ್ಲಿ ಕಲಬುರ್ಗಿಯ ಕಂಪೌಂಡರು ಗಾಜಿನ ಸಿರಿಂಜನ್ನು ಸ್ಟೌ ಮೇಲೆ ಕುದಿಸುತ್ತಿದ್ದರು. ಆ ಗಳಗಳ ಸದ್ದಿಗೇ ನನ್ನ ಜ್ವರ ಅರ್ಧ ಇಳಿಯುತ್ತಿತ್ತು. ಅವರ ಹತ್ತಿರ ಟೊಪ್ಪಿಗೆಯೂ ಇರಲಿಲ್ಲ, ಆಯ್ಕೆಯೂ ಇರಲಿಲ್ಲ. ಊರಿಗೆಲ್ಲ ಒಂದೇ ಸೂಜಿ. ಮೊಂಡಾದರೆ ಕಲ್ಲಿಗೆ ಉಜ್ಜುವುದು.

ಸಂಜೆ ಅಪ್ಪ ಅಂಗಿ ಎತ್ತಿ ಹೊಟ್ಟೆಗೆ ಚುಚ್ಚಿಕೊಂಡು “ಸ್ಸ್” ಎಂದರು. ಅಷ್ಟರಲ್ಲಿ ಅವರ ತೋಳಿನ ಮೇಲೊಂದು ಸೊಳ್ಳೆ. ಆಗಲೇ ಹೊಟ್ಟೆ ತುಂಬಿಸಿಕೊಂಡಿತ್ತು. ಇದೇ ಊರಿನ ಬೇಗಂಪೇಟೆಯಲ್ಲಿ 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆ ಸೀಳಿ ಮಲೇರಿಯಾದ ಪರಾವಲಂಬಿಯನ್ನು ಕಂಡದ್ದನ್ನೂ, ಹೆಣ್ಣು ಸೊಳ್ಳೆಯ ಬಾಯಲ್ಲಿ ಆರು ಸೂಜಿಗಳಿರುವುದನ್ನೂ ಹೇಳಿ, ಬೆಳಗಿನ ಮಾನ ಸ್ವಲ್ಪ ವಾಪಸು ಪಡೆಯಲು ನೋಡಿದೆ.

ಅಪ್ಪ ತೋಳು ಕೆರೆದುಕೊಂಡರು. “ಆರು ಚುಚ್ಚಿದ್ರೂ ಗೊತ್ತೇ ಆಗಲಿಲ್ಲ ನೋಡು. ನಾಳಿ ಕೋಠಿಗಿ ಹೋದ್ರ ಕೇಳು, ಇದು ಎಷ್ಟನೇ ನಂಬರ್ ಅಂತ.”