ಸದ್ದಡಗಿಸುವ ಭಾವ

ಡೆಟ್ರಾಯಿಟ್‌ನ ಕಾರು ಕಂಪನಿಯೊಂದು ನಮ್ಮ ಭಾವನವರಿಗೆ ವರ್ಷಗಟ್ಟಲೆ ಸಂಬಳ ಕೊಟ್ಟಿದ್ದು ಸದ್ದಡಗಿಸುವುದಕ್ಕೆ. ಒಳಗೆ ಕೂತವರಿಗೆ ಇಂಜಿನ್ನಿನ ಗುರುಗುರು, ಟೈರಿನ ಮೊರೆತ ಕೇಳಿಸಬಾರದು, ಸ್ಟೀರಿಂಗ್ ಅದುರಬಾರದು. ಆ ವಿದ್ಯೆಗೆ ಅಲ್ಲಿ ಎನ್‌ವಿಎಚ್ ಅಂತಾರೆ. ಇಷ್ಟೆಲ್ಲ ಸಾಧಿಸಿದ ಮೇಲೂ ಅವರ ಕಾರಿನಲ್ಲಿ ಉಳಿದಿದ್ದ ಸದ್ದೆಂದರೆ ನಮ್ಮ ಅಕ್ಕ. ಅದಕ್ಕೆ ಲ್ಯಾಬಿನಲ್ಲಿ ಮದ್ದಿರಲಿಲ್ಲ. ಇದ್ದಿದ್ದರೂ ಭಾವ ಮನೆಗೆ ತರುತ್ತಿರಲಿಲ್ಲ.

1976ರಲ್ಲಿ ಪಿಟ್ಸ್‌ಬರ್ಗ್ ಬಳಿಯ ಪೆನ್ ಹಿಲ್ಸ್‌ನಲ್ಲಿ ವೆಂಕಟೇಶ್ವರನ ಪ್ರತಿಷ್ಠಾಪನೆಯಾಯಿತಲ್ಲ, ಆಮೇಲೆ ಮುಡಿ, ಮುಂಜಿ, ಹೊತ್ತ ಹರಕೆ ಎಲ್ಲಕ್ಕೂ ನಮ್ಮವರು ಅಲ್ಲಿಗೇ ಓಡುತ್ತಿದ್ದರು. ಟೊಲೀಡೋ ದಾಟಿ ಒಹಾಯೋ ಟರ್ನ್‌ಪೈಕ್ ಹಿಡಿದರೆ ಐದು ತಾಸಿನ ದಾರಿ. ಅಕ್ಕ ಟೊಲೀಡೋದಲ್ಲಿ ಅತ್ತೆಯ ವಿಷಯ ತೆಗೆದರೆ ಕ್ಲೀವ್‌ಲ್ಯಾಂಡ್ ಹೊತ್ತಿಗೆ ನಾದಿನಿ, ಪೆನ್ಸಿಲ್ವೇನಿಯಾ ಗಡಿಯಲ್ಲಿ ಭಾವನವರ ಸರದಿ. ಒಮ್ಮೆ ನಾನು ಹಿಂದಿನ ಸೀಟಿನಲ್ಲಿದ್ದೆ. "ನಾನು ಹೇಳ್ತಿರೋದು ಕೇಳಿಸ್ತಾ ಇದೆಯೇನ್ರೀ?" ಅಂದಳು ಅಕ್ಕ. ಭಾವ ಸ್ಟೀರಿಂಗನ್ನು ಒಂಚೂರು ಎಡಕ್ಕೆ, ಆಮೇಲೆ ಬಲಕ್ಕೆ ವಾಲಿಸಿ, ಕಿವಿ ಓರೆ ಮಾಡಿ, "ಬಲಗಡೆ ಬೇರಿಂಗ್ ಹೋಗಿದೆ ಕಣೇ" ಅಂದರು. ಎಡಕ್ಕೆ ಎಳೆದಾಗ ಭಾರ ಬಲಚಕ್ರದ ಮೇಲೆ ಬೀಳುತ್ತದೆ. ಮೊರೆತ ಆಗ ಜೋರಾದರೆ ಕೆಟ್ಟಿರುವುದು ಬಲಗಡೆಯದು ಅಂತ ಲೆಕ್ಕವಂತೆ. ಅಕ್ಕ ಆರು ಮೈಲಿ ಮಾತು ಬಿಟ್ಟಳು. ಅದೇ ದಾಖಲೆ.

ಕನ್ನಡ ಕೂಟದ ಯುಗಾದಿ ಊಟಕ್ಕೆ ಬಿಸಿಬೇಳೆ ಭಾತಿಗೆ ಈರುಳ್ಳಿ ಬೇಕೋ ಬೇಡವೋ ಅಂತ ಎರಡು ಬಣವಾಯಿತು. ಹೊರನಾಡಿನಲ್ಲಿ ಸಂಘ ಒಡೆಯುವುದಕ್ಕೆ ಅಷ್ಟು ಸಾಕು. ಭಾವ ಸುಮ್ಮನೆ ಎರಡು ಪಾತ್ರೆ ಮಾಡಿಸಿ ಚೀಟಿ ಅಂಟಿಸಿದರು. ಬೇಡವೆಂದು ಮೈಕು ಹಿಡಿದು ಕೂಗಿದವರ ತಟ್ಟೆಯಲ್ಲೇ ಈರುಳ್ಳಿ ಕಂಡಿತು. ಭಾವ ತುಟಿ ಬಿಚ್ಚಲಿಲ್ಲ. ಇನ್ನೊಂದು ಸೌಟು ಬಡಿಸಿದರು.

ಅವರು ಹೋದ ಹದಿಮೂರನೆಯ ದಿನ ಮಂಗಳವಾರ ಬಿತ್ತು. ಅಮೆರಿಕದಲ್ಲಿ ನಮ್ಮವರಿಗೆ ವೈಕುಂಠದ ಬಾಗಿಲು ತೆರೆಯುವುದು ಶನಿವಾರವೇ, ಹಾಲ್ ಸಿಗುವುದೂ ಅವತ್ತೇ. ವೈಕುಂಠ ಸಮಾರಾಧನೆಯನ್ನು ಶನಿವಾರಕ್ಕೇ ಇಟ್ಟುಕೊಂಡೆವು. ಅಲ್ಲಿ ಮಾತಾಡುವವರಿಗೆ ತಲಾ ಮೂರು ನಿಮಿಷ. ಭಾವ ಆಡಿದ ಮಾತು ಒಂದಾದರೂ ಯಾರಿಗೂ ನೆನಪಿಲ್ಲ. ಮೈನಸ್ ಚಳಿಯಲ್ಲಿ ಬಂದು ಬ್ಯಾಟರಿಗೆ ಜೀವ ಕೊಟ್ಟದ್ದು, ಹೇಳದೆ ಕೇಳದೆ ಪಕ್ಕದವರ ಡ್ರೈವ್‌ವೇ ಹಿಮವನ್ನೂ ತೆಗೆದದ್ದು, ನೆನಪಿರುವುದು ಇಂಥವೇ. ಒಬ್ಬರು, "ಹಿಮ ಸುರಿಯೋ ರಾತ್ರಿ ನಮ್ಮಮ್ಮನನ್ನು ಏರ್‌ಪೋರ್ಟಿನಿಂದ ಕರ್ಕೊಂಡು ಬಂದ್ರು, ಒಂದು ಚೂರೂ ಬೇಜಾರಿಲ್ಲದೆ" ಅಂತ ಕಣ್ಣೊರೆಸಿಕೊಂಡರು.

ಅಕ್ಕ ಎದ್ದು ಮೈಕು ತೆಗೆದುಕೊಂಡಳು. "ನಿಮ್ಮಮ್ಮನ ಪೆಟ್ಟಿಗೆಯಿಂದ ಮಾವಿನಕಾಯಿ ಉಪ್ಪಿನಕಾಯಿ ಸೋರಿ ಡಿಕ್ಕಿಯೆಲ್ಲ ಎಣ್ಣೆ. ಆ ಕಾರು ಮಾರೋವರೆಗೂ ಇಂಗಿನ ವಾಸನೆ ಹೋಗಲಿಲ್ಲ. ಯಾರಿಗೂ ಹೇಳಬೇಡ ಅಂದಿದ್ರು. ಇವತ್ತು ಹೇಳಿಬಿಟ್ಟೆ. ಏನಂತಾರೋ ಅನ್ನಲಿ, ನೋಡೇಬಿಡ್ತೀನಿ."